ಚಳಿಯುಡುಪಿಗೆ ಬೆಟ್ಟದ ಪರೀಕ್ಷೆ

ಅನಂತಪುರ ಸೀಮೆಯ ಹೆಸರೆತ್ತಿದೊಡನೆ ಕೇಳುವವರ ಮನಸ್ಸಿಗೆ ಬಿಸಿಲೂ ಬರವೂ ತೋರುವುವೇ ಹೊರತು ಚಳಿ ತೋರುವುದಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆಯನ್ನು ಮಾತ್ರ ಕಾಣುವ, ದಕ್ಷಿಣ ದೇಶದ ಅತ್ಯಂತ ಶುಷ್ಕ ಪ್ರದೇಶಗಳಲ್ಲಿ ಒಂದೆಂದು ಹೆಸರಾದ ಆ ನೆಲದಲ್ಲಿ ಉಣ್ಣೆಯ ಬಟ್ಟೆಗೆ ಏನು ಕೆಲಸವೆಂದು ಯಾರಾದರೂ ಕೇಳಿದರೆ ಅದು ಸಹಜವೇ. ಆದರೆ ಯಾವ ಶುಷ್ಕತೆಯಿಂದ ಅಲ್ಲಿಯ ಬೇಸಗೆ ದುಸ್ಸಹವಾಗುವುದೋ ಅದೇ ಶುಷ್ಕತೆಯಿಂದ ಮಾರ್ಗಶಿರ ಪುಷ್ಯಗಳ ಇರುಳು ತೀಕ್ಷ್ಣವಾಗುವುದು. ಆಕಾಶದಲ್ಲಿ ಮೋಡವೂ ಗಾಳಿಯಲ್ಲಿ ತೇವವೂ ಇಲ್ಲದಿರುವಾಗ, ಹಗಲೆಲ್ಲ ನೆಲವು ಹೀರಿಕೊಂಡ ಶಾಖವು ಸೂರ್ಯಾಸ್ತದ ಬಳಿಕ ಯಾವ ತಡೆಯೂ ಇಲ್ಲದೆ ಮೇಲಕ್ಕೆ ವಿಸರ್ಜಿತವಾಗುತ್ತದೆ. ನೆಲ ತಣಿದಂತೆ ಅದಕ್ಕೆ ತಗುಲಿದ ಗಾಳಿಯೂ ತಣಿದು, ಭಾರವಾಗಿ, ತಗ್ಗಿನ ಹೊಲಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಮಡುಗಟ್ಟಿ ನಿಲ್ಲುತ್ತದೆ. ಆದುದರಿಂದಲೇ ಶಾಂತವಾದ ಚಳಿಗಾಲದ ಮುಂಜಾನೆಯಲ್ಲಿ ಗುಡ್ಡದ ನಡುವಿಗಿಂತ ಗುಡ್ಡದ ಬುಡವೇ ಹೆಚ್ಚು ತಣ್ಣಗಿರುವುದುಂಟು. ನೆತ್ತಿಯನ್ನು ಮುಟ್ಟಿದ ಮೇಲೆ ಗಾಳಿ ಎದ್ದರೆ ಮತ್ತೊಂದು ಬಗೆಯ ಚಳಿ ಆರಂಭವಾಗುತ್ತದೆ. ಒಂದೇ ದಿನದಲ್ಲಿ, ಒಂದೇ ಗುಡ್ಡದ ಮೇಲೆ, ಮಡುಗಟ್ಟಿದ ಚಳಿ, ಏರಿನ ಬೆವರು, ಶಿಖರದ ಗಾಳಿ, ನಡುಹಗಲಿನ ಬಿಸಿಲು ಎಂಬ ನಾಲ್ಕು ಅವಸ್ಥೆಗಳು ಕ್ರಮವಾಗಿ ದೊರೆಯುವ ಇಂತಹ ಸ್ಥಳವು ಚಳಿಯುಡುಪನ್ನು ಪರೀಕ್ಷಿಸಬಯಸುವವನಿಗೆ ತಾನಾಗಿ ಒದಗಿದ ಪ್ರಯೋಗಶಾಲೆಯೇ ಸರಿ.

ಇಂತಹ ಗುಡ್ಡಗಳು ರಾಯದುರ್ಗದಲ್ಲಿಯೂ ಮಡಕಶಿರಾದಲ್ಲಿಯೂ ಊರಿಗೆ ಅಂಟಿಕೊಂಡೇ ನಿಂತಿವೆ. ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದವಾನಿ, ಆಲೂರುಗಳೊಡನೆ ಆ ಕಡೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯದೇ ಆಗಿದ್ದು, 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಭೂಪಟದಲ್ಲಿ ಅದು ತುಮಕೂರಿನ ಸೀಮೆಯೊಳಕ್ಕೆ ಚಾಚಿಕೊಂಡಿದೆ, ಅದರ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾಗಿರುವ ಸಂಸಾರಗಳು ಅನೇಕ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದು ಹೇಮಾವತಿಯೆಂಬ ಹೆಸರಿನಿಂದ ಆ ನೆಲದಲ್ಲಿಯೇ ಇದೆ. ರಾಯದುರ್ಗದ ಬೆಟ್ಟವು ಒಂದಕ್ಕಿಂತ ಒಂದು ಎತ್ತರವಾದ ಎರಡು ಭಾಗಗಳುಳ್ಳದ್ದು. ನಡುವೆ ತಗ್ಗಾದ ಕಣಿವೆಯಿದ್ದು, ಮೇಲಣ ಭಾಗದ ಕೋಟೆಯ ನೆತ್ತಿ ಸಮುದ್ರಮಟ್ಟದಿಂದ 2,727 ಅಡಿ ಎತ್ತರದಲ್ಲಿದೆ; ಕೆಳಗಿನ ಪಟ್ಟಣದಿಂದ ಲೆಕ್ಕ ಹಾಕಿದರೆ ಏರು ಸುಮಾರು 900 ಅಡಿಗಳಾಗುವುದು. ಬೇಡ ನಾಯಕರ ಕೈಯಲ್ಲಿದ್ದ ಈ ದುರ್ಗವನ್ನು ಹಿಡಿಯಲು ವಿಜಯನಗರದ ಅರಸರು ಭೂಪತಿರಾಯನೆಂಬ ಅಧಿಕಾರಿಯನ್ನು ಕಳುಹಿಸಿದರೆಂದೂ, ಅವನಿಂದಲೇ ಅದಕ್ಕೆ ಭೂಪತಿರಾಯನ ಕೊಂಡವೆಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಪಾಳುಬಿದ್ದ ಅರಮನೆ, ದೇವಾಲಯಗಳು, ರಸಸಿದ್ಧನ ಹೆಸರಿನ ಗುಹೆಗಳು, ಜಿನಬಿಂಬಗಳ ಕೆತ್ತನೆ, ಹೆಬ್ಬಂಡೆಗಳ ಸಂದಿಯಲ್ಲಿ ಹಾದು ಹೋಗುವ ಕೋಟೆಗೋಡೆ, ಇವನ್ನೆಲ್ಲ ದಾಟುತ್ತ ಒಂದು ಬೆಳಗಿನಲ್ಲಿ ಹತ್ತಿ ಇಳಿಯಬಹುದಾದ ದಾರಿ ಅದು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ತರುಣ ತರುಣಿಯರು ಚಳಿಗಾಲದಲ್ಲಿ ಹಿಮಾಲಯಕ್ಕೆ ಹೋಗಿ, ಉತ್ತರಾಖಂಡದ ಕೇದಾರಕಂಠದಂತಹ 12,500 ಅಡಿಯ ಹಿಮಶಿಖರಗಳನ್ನು ಏರಿ ಬರುವುದು ಸಾಮಾನ್ಯವಾಗಿದೆ. ಹೊರಡುವ ಮುನ್ನ ಅಂಗಡಿಗೆ ಹೋಗಿ ಜಾಕೆಟ್ಟು, ಉಣ್ಣೆಯ ಒಳಅಂಗಿ, ಕೈಗವಸು, ಹೊಸ ಬೂಟು, ಬೆನ್ನಚೀಲ ಎಂದು ಸಾವಿರಗಟ್ಟಲೆ ರೂಪಾಯಿ ಖರ್ಚುಮಾಡುತ್ತಾರೆ. ಅವನ್ನು ಮೊತ್ತಮೊದಲು ತೊಡುವುದು ಮಾತ್ರ ಹಿಮದ ಮೇಲೆ, ದಾರಿಯ ಊರುಗಳೆಲ್ಲ ಹಿಂದೆ ಉಳಿದ ಬಳಿಕ. ಇದು ಅಪಾಯಕರವಾದ ಪದ್ಧತಿ. ಅಂಗಡಿಯಲ್ಲಿ ನಿಂತು ತೊಟ್ಟ ಉಡುಪು ತಾನು ಬೆಚ್ಚಗಿದ್ದೇನೆಂಬುದನ್ನು ಮಾತ್ರ ಹೇಳುವುದು. ಬೆವರಿದಾಗ ಹೇಗೆ, ಬೆವರಿ ನಿಂತಾಗ ಹೇಗೆ, ಗಾಳಿಗೆ ಒಡ್ಡಿದಾಗ ಹೇಗೆ, ಒದ್ದೆಯಾದಾಗ ಹೇಗೆ ಎಂಬುದನ್ನು ಅದು ಬೆಟ್ಟದ ಮೇಲಲ್ಲದೆ ಹೇಳಲಾರದು. ಚಳಿಯ ಉಡುಪಿನ ಯೋಗ್ಯತೆ ನಿರ್ಣಯವಾಗುವುದು ಏರು ಮುಗಿದು ಕಾಲು ನಿಂತ ಮೇಲಣ ಆ ಅರ್ಧ ಗಂಟೆಯಲ್ಲಿ. ಈ ಒಂದು ಮಾತನ್ನು ಓದುಗರ ಮನಸ್ಸಿಗೆ ತರುವುದೇ ಈ ಲೇಖನದ ಉದ್ದೇಶ.

ಕಾರಣವನ್ನು ಸ್ವಲ್ಪ ವಿಚಾರಿಸೋಣ. ಯಾವ ಬಟ್ಟೆಯೂ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಶರೀರ ಹುಟ್ಟಿಸಿದ ಶಾಖವನ್ನು ಅದು ಹೊರಹೋಗದಂತೆ ತಡೆಯುವುದು ಮಾತ್ರ. ಆ ತಡೆಯುವ ಕಾರ್ಯವನ್ನು ಮಾಡುವುದೂ ನೂಲಿಗಿಂತ ಹೆಚ್ಚಾಗಿ ನೂಲಿನ ನಡುವೆ ಸಿಕ್ಕಿ ನಿಶ್ಚಲವಾದ ಗಾಳಿ. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖವನ್ನು ಹೊರಹಾಕುವುದಾದರೆ, ಹೊರೆ ಹೊತ್ತು ಕಡಿದಾದ ಮೆಟ್ಟಿಲನ್ನು ಏರುವವನ ದೇಹ ಅದರ ನಾಲ್ಕೈದು ಪಟ್ಟನ್ನು ಹೊರಹಾಕುತ್ತದೆ. ಆದುದರಿಂದ ನಿಂತವನಿಗೆ ಹಿತವಾದ ಉಡುಪು ಏರುವವನಿಗೆ ಹೊರೆಯಾಗುವುದು. ಬೆವರು ಬಟ್ಟೆಯ ಗಾಳಿಯ ಕೋಣೆಗಳಲ್ಲಿ ತುಂಬಿಕೊಳ್ಳುವುದು. ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಿಂದ ಶಾಖವನ್ನು ಸಾಗಿಸಬಲ್ಲದು. ಅದಲ್ಲದೆ ಒಂದು ಗ್ರಾಂ ಬೆವರು ಚರ್ಮದ ಮೇಲೆ ಆರಬೇಕಾದರೆ ಸುಮಾರು 580 ಕ್ಯಾಲೊರಿಯಷ್ಟು ಶಾಖವನ್ನು ದೇಹದಿಂದ ಕಿತ್ತುಕೊಂಡೇ ಆರುವುದು. ಏರುವಾಗ ಉಪಕಾರಿಯಾದ ಈ ವ್ಯವಸ್ಥೆಯೇ ನಿಂತಾಗ ಅಪಕಾರಿಯಾಗಿ ಪರಿಣಮಿಸುತ್ತದೆ. ಶಾಖದ ಉತ್ಪತ್ತಿ ಇಳಿದರೂ ಒದ್ದೆ ಬಟ್ಟೆ ತನ್ನ ಪಾಲನ್ನು ಕೇಳುವುದನ್ನು ಬಿಡದು. ಅಷ್ಟರಲ್ಲಿ ಗಾಳಿ ಬೀಸಿದರೆ ಬಟ್ಟೆಯೊಳಗೆ ಉಳಿದಿದ್ದ ಅಲ್ಪಸ್ವಲ್ಪ ಬೆಚ್ಚನೆಯ ಗಾಳಿಯೂ ಕೊಚ್ಚಿಹೋಗುವುದು. ಹಿಮದ ನಾಡಿನಲ್ಲಿ ಪ್ರಾಣಾಪಾಯ ತರುವುದು ಇದೇ. ನಮ್ಮ ಗುಡ್ಡದಲ್ಲಿ ಇದು ಕೇವಲ ನಡುಕವಾಗಿ ಮುಗಿಯುವುದರಿಂದ ಪಾಠವನ್ನು ಅಗ್ಗವಾಗಿ ಕಲಿಯಬಹುದು.

ಈ ತೊಡಕಿಗೆ ಆಧುನಿಕರು ಕಂಡುಕೊಂಡ ಪರಿಹಾರ ಪದರಗಳದು. ಚರ್ಮಕ್ಕೆ ತಗುಲಿ ಬೆವರನ್ನು ಹೊರಕ್ಕೆ ಸಾಗಿಸುವ ಒಳಪದರ, ಗಾಳಿಯನ್ನು ಹಿಡಿದಿಡುವ ನಡುಪದರ, ಗಾಳಿಮಳೆಗಳನ್ನು ತಡೆಯುವ ಹೊರಪದರ ಎಂದು ಮೂರು. ನಡುಪದರಕ್ಕೆ ಇಂದು ಎಲ್ಲೆಲ್ಲಿಯೂ ಬಳಸುವ ಫ್ಲೀಸ್ ಎಂಬ ಪಾಲಿಯೆಸ್ಟರ್ ಬಟ್ಟೆ 1979ರಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯಲ್ಲಿ ಹುಟ್ಟಿತು. ಅದರ ನೂಲು ತನ್ನ ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ನೀರನ್ನೂ ಕುಡಿಯದ ಕಾರಣ ಹಿಂಡಿ ಕೊಡವಿದರೆ ಬೇಗನೆ ಆರುತ್ತದೆ. ಹೊರಪದರದ ಕ್ರಾಂತಿಗೆ ಕಾರಣವಾದ ಸಂಗತಿ 1969ರದು: ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ಪದಾರ್ಥವನ್ನು ಕಾಯಿಸಿ ಥಟ್ಟನೆ ಎಳೆದಾಗ ಅದು ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳುಳ್ಳ ಪೊರೆಯಾಯಿತು. ಆ ರಂಧ್ರಗಳಲ್ಲಿ ಬೆವರಿನ ಆವಿ ಹೊರಹೋಗಬಲ್ಲದು, ಮಳೆಯ ಹನಿ ಒಳಬರಲಾರದು. 1976ರಲ್ಲಿ ಅದು ಗೋರ್-ಟೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು.

ಆದರೆ ಗಾಳಿಯನ್ನು ಹಿಡಿಯುವುದು, ಹನಿಯನ್ನು ತಡೆಯುವುದು, ಬೆವರನ್ನು ಬಿಡುವುದು, ಈ ಮೂರು ಧರ್ಮಗಳನ್ನೂ ಒಂದೇ ವಸ್ತ್ರದಲ್ಲಿ ಸಾಧಿಸಿದ ಚಳಿಯುಡುಪೊಂದು ಈ ಗುಡ್ಡಗಳ ಸುತ್ತ ಶತಮಾನಗಳಿಂದ ಬಳಕೆಯಲ್ಲಿದೆ. ಅದು ಕುರುಬರ ಕರಿ ಕಂಬಳಿ. ಬಳ್ಳಾರಿ ತಳಿಯ, ದಖ್ಖನಿ ತಳಿಯ ಕುರಿಗಳ ತುಪ್ಪಟವನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂತು ಕೊಟ್ಟ ನೂಲನ್ನು ಗಂಡಸರು ಹಾಸು ಹಾಕಿ, ಹುಣಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಆ ಹಾಸಿಗೆ ಕುಂಚದಿಂದ ಬಳಿದು ಒಣಗಿಸಿ, ಗುಣಿಮಗ್ಗದಲ್ಲಿ ಕುಳಿತು ನೇಯುತ್ತಾರೆ. ಗಡಿಯಾಚೆಯ ಚಳ್ಳಕೆರೆ ಈ ಕಂಬಳಿಗೆ ಪ್ರಸಿದ್ಧವಾದ ಊರು. ಮೆರಿನೊ ಕುರಿಯ ಉಣ್ಣೆಯ ಮಾರ್ದವ ಈ ತುಪ್ಪಟಕ್ಕಿಲ್ಲ. ಇದು ಒರಟು, ದಪ್ಪ, ಕೂದಲಿನ ಅಂಶ ಹೆಚ್ಚು. ಆದರೆ ಆ ಒರಟುತನವೇ ಅದಕ್ಕೆ ಬಾಳಿಕೆ ಕೊಟ್ಟಿದೆ. ಉಣ್ಣೆಯ ಎಳೆಯ ಹೊರಮೈ ನೀರನ್ನು ಒಲ್ಲದು, ಒಳಮೈ ಆವಿಯನ್ನು ಹೀರುವುದು. ತನ್ನ ತೂಕದ ನೂರಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಹೀರಿಯೂ ಅದು ಕೈಗೆ ಒದ್ದೆಯೆನಿಸದು, ಹೀರುವಾಗ ಒಂದಿಷ್ಟು ಶಾಖವನ್ನೂ ಹೊರಸೂಸುವುದು. ಕಿಡಿ ಬಿದ್ದರೆ ಪಾಲಿಯೆಸ್ಟರ್ ಕರಗಿ ತೂತಾಗುವುದು, ಕಂಬಳಿ ಕಮರಿ ಸುಮ್ಮನಾಗುವುದು. ಹೊಲದಲ್ಲಿ ಬೆಂಕಿಯ ಮಗ್ಗುಲಲ್ಲಿ ಮಲಗುವ ಕುರಿಗಾಹಿಗೆ ಇದು ಸಣ್ಣ ಗುಣವಲ್ಲ.

ಹೊಸದಾಗಿ ಕೊಂಡ ಮೆರಿನೊ ಒಳಅಂಗಿ, ಫ್ಲೀಸು, ಗಾಳಿತಡೆಯುವ ಜಾಕೆಟ್ಟು, ಇವುಗಳೊಡನೆ ಮಗ್ಗದಿಂದ ಆಗತಾನೆ ಇಳಿದ ಒಂದು ಕಂಬಳಿಯನ್ನೂ ಹೊತ್ತು ರಾಯದುರ್ಗದ ಬೆಟ್ಟವನ್ನು ಏರಿದ ಅನುಭವದಿಂದ ಪರೀಕ್ಷೆಯ ಕ್ರಮವನ್ನು ಹೇಳುತ್ತೇನೆ. ಪರೀಕ್ಷೆ ಮನೆಯಲ್ಲಿಯೇ ಪ್ರಾರಂಭವಾಗಬೇಕು. ಪ್ರತಿಯೊಂದನ್ನೂ ತೂಗಿ ಬರೆದಿಡಬೇಕು; ತೊಟ್ಟುಕೊಂಡು ಎರಡು ಕೈಗಳನ್ನೂ ಮೇಲೆತ್ತಿದಾಗ ಬೆನ್ನು ಬಯಲಾಗುವುದೋ, ಬಗ್ಗಿದಾಗ ಸೊಂಟ ಕಾಣುವುದೋ, ಬೆನ್ನಚೀಲದ ಪಟ್ಟಿ ಹೆಗಲಿನ ಹೊಲಿಗೆಯ ಮೇಲೆಯೇ ಕೂರುವುದೋ ನೋಡಬೇಕು; ಕೈಗವಸು ತೊಟ್ಟ ಕೈಯಿಂದಲೇ ಜಿಪ್ಪನ್ನು ಎಳೆದು, ಗುಂಡಿಯನ್ನು ಹಾಕಿ, ಬೂಟಿನ ದಾರವನ್ನು ಕಟ್ಟಿ ನೋಡಬೇಕು. ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಪಟ್ಟಣ. ಸಾವಿರಾರು ಕುಟುಂಬಗಳಿಗೆ ಅನ್ನ ಕೊಡುವ ಆ ದಪ್ಪ ಹತ್ತಿಬಟ್ಟೆ ನಿತ್ಯದ ಉಡುಗೆಯಾಗಿ ಶ್ರೇಷ್ಠವಾದರೂ, ಚಳಿಯ ಏರಿಗೆ ಮಾತ್ರ ಅದನ್ನು ತೊಡಬಾರದು. ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುವುದು, ಬೇಗ ಆರದು.

ಬೆಟ್ಟವನ್ನು ಹತ್ತಲು ಬೆಳಕು ಹರಿದ ಮೇಲೆಯೇ ಹೊರಡಬೇಕು, ಒಬ್ಬರೇ ಹೋಗಬಾರದು. ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾಗಳ ಬಂಡೆಗುಡ್ಡಗಳು ಕರಡಿಗಳ ವಾಸಸ್ಥಾನ. ಮುಸ್ಸಂಜೆಯಿಂದ ಮುಂಜಾವಿನವರೆಗೆ ಅವು ಆಹಾರವನ್ನು ಅರಸಿ ಸಂಚರಿಸುವ ಹೊತ್ತು. ಚಿರತೆಗಳೂ ಉಂಟು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮೂಡುವಾಗ ಆರೂವರೆ ಮೀರಿರುವುದರಿಂದ ಬೆಳಕಾದ ಮೇಲೆ ಹೊರಟರೂ ಚಳಿಗೆ ಕೊರತೆಯಾಗದು.

ಬೆಟ್ಟದ ಬುಡದಲ್ಲಿ ಸ್ವಲ್ಪ ಚಳಿಯೆನಿಸುವಷ್ಟು ಬಟ್ಟೆಯಲ್ಲಿಯೇ ನಡಿಗೆಯನ್ನು ಆರಂಭಿಸುವುದು ಮೊದಲನೆಯ ನಿಯಮ. ಹೊರಡುವಾಗ ಹಿತವಾಗಿದ್ದವನು ನೂರು ಮೆಟ್ಟಿಲಿನಲ್ಲಿ ಬೆವರುವನು. ನಾವು ಹೊರಪದರವನ್ನು ಬೇಕೆಂದೇ ತೊಟ್ಟು ಏರಿ, ಅದು ಎಷ್ಟು ಬೇಗ ಸೋಲುವುದೆಂಬುದನ್ನು ನೋಡಿದೆವು. ಬೆನ್ನಚೀಲ ಒತ್ತಿದ ಜಾಗದಲ್ಲಿ ಜಾಕೆಟ್ಟಿನ ಒಳಮೈ ಮೊದಲ ಕೋಟೆಬಾಗಿಲಿನ ಹೊತ್ತಿಗಾಗಲೇ ತೇವವಾಗಿತ್ತು. ಕಂಕುಳ ಕೆಳಗಿನ ಜಿಪ್ಪನ್ನು ಪೂರ್ತಿ ತೆರೆದಾಗ ಒಳಗಿನ ಆವಿ ಹೊರಟುಹೋದುದು ಸ್ಪಷ್ಟವಾಗಿ ಅನುಭವಕ್ಕೆ ಬಂದಿತು. ರಂಧ್ರಯುಕ್ತವಾದ ಪೊರೆ ಎಷ್ಟೇ ಉತ್ತಮವಾಗಿರಲಿ, ಕಡಿದಾದ ಏರಿನ ಬೆವರಿಗೆ ಅದೊಂದೇ ಸಾಲದೆಂಬುದೂ, ಜಾಕೆಟ್ಟು ಕೊಳ್ಳುವವನು ಬಣ್ಣಕ್ಕಿಂತ ಮೊದಲು ಈ ಜಿಪ್ಪನ್ನು ನೋಡಬೇಕೆಂಬುದೂ ಅಲ್ಲಿ ನಿಶ್ಚಯವಾದುವು. ಕಣಿವೆಯ ತಗ್ಗಿನಲ್ಲಿ ಅದನ್ನು ಕಳಚಿ, ಒಳಅಂಗಿ ಫ್ಲೀಸುಗಳಲ್ಲಿ ಮುಂದುವರಿದಾಗ ಉಸಿರೂ ನಡಿಗೆಯೂ ಸಮವಾದುವು.

ನೆತ್ತಿಯನ್ನು ಮುಟ್ಟಿದಾಗ ಮೂಡಣಗಾಳಿ ಬಿಡದೆ ಬೀಸುತ್ತಿತ್ತು. ಮುಖ್ಯವಾದ ಪರೀಕ್ಷೆ ಇಲ್ಲಿ. ನಿಂತ ಮರುಗಳಿಗೆ ಹಿತವೆನಿಸುವುದು. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನ ಬೆವರು ಕೊರೆಯತೊಡಗುವುದು. ಫ್ಲೀಸು ಒಂದನ್ನೇ ತೊಟ್ಟು ನಿಂತಾಗ ಗಾಳಿ ಅದರೊಳಗೆ ನೇರವಾಗಿ ನುಗ್ಗಿತು; ಅದರ ಮೇಲೆ ತೆಳ್ಳನೆಯ ಜಾಕೆಟ್ಟನ್ನು ಹಾಕಿಕೊಂಡೊಡನೆ ನಡುಕ ಅಡಗಿತು. ಬಳಿಕ ಜಾಕೆಟ್ಟನ್ನು ತೆಗೆದು ಕಂಬಳಿಯನ್ನು ಕೊಪ್ಪೆ ಮಾಡಿ, ತಲೆಯಿಂದ ಮೊಣಕಾಲಿನವರೆಗೆ ಹೊದೆದು ಗಾಳಿಗೆ ಬೆನ್ನೊಡ್ಡಿ ಕುಳಿತೆ. ಕೊಪ್ಪೆಯ ಸೊಗಸು ಅದರ ಸಡಿಲದಲ್ಲಿದೆ. ಮೈಗೂ ಬಟ್ಟೆಗೂ ನಡುವೆ ಉಳಿದ ಅವಕಾಶ ಬೆಚ್ಚಗಾಗಿ, ಬೆನ್ನಿನ ತೇವ ಮೆಲ್ಲಮೆಲ್ಲನೆ ಉಣ್ಣೆಯೊಳಕ್ಕೆ ಸರಿದು, ಫ್ಲೀಸು ಮೈಮೇಲೆಯೇ ಆರಿತು. ಅನಂತರ ಕಂಬಳಿಯ ಒಂದು ಮೂಲೆಯನ್ನು ಬಂಡೆಯ ಮೇಲೆ ಹಾಸಿ ನೀರನ್ನು ಸುರಿದೆವು. ನೀರು ಮಣಿಮಣಿಯಾಗಿ ಒರಟುಕೂದಲಿನ ತುದಿಗಳ ಮೇಲೆ ನಿಂತಿತು; ಮೂಲೆಯನ್ನೆತ್ತಿದಾಗ ಬಹುಪಾಲು ಉರುಳಿಹೋಯಿತು; ಕೆಳಮೈಗೆ ಅಂಗೈಯೊತ್ತಿ ನೋಡಿದರೆ ಒಣಗಿದ್ದಿತು. ಪಕ್ಕದಲ್ಲಿಟ್ಟ ಹತ್ತಿಯ ವಸ್ತ್ರ ಅಷ್ಟೇ ನೀರನ್ನು ಒಂದೇ ಗುಟುಕಿಗೆ ಕುಡಿದು ಕಪ್ಪಾಯಿತು.

ಕಂಬಳಿಯ ದೋಷಗಳನ್ನೂ ಹೇಳಬೇಕು. ಅದು ಭಾರ, ಏರುವಾಗ ಹೊರಲು ಫ್ಲೀಸಿಗಿಂತ ಬಹಳ ಕಷ್ಟ. ಪೂರ್ತಿ ನೆನೆದರೆ ಆರಲು ದಿನವೇ ಬೇಕು. ಎರಡು ಕೈಗಳನ್ನೂ ಬಳಸಿ ಬಂಡೆ ಹತ್ತುವಾಗ ಅದನ್ನು ಹೊದೆಯಲಾಗದು. ಹೊಸದರಲ್ಲಿ ಕುತ್ತಿಗೆಯನ್ನು ಚುಚ್ಚುವುದು. ಈ ಕೊನೆಯ ದೂರನ್ನು ಮಡಕಶಿರಾದ ಬೆಟ್ಟದ ಬುಡದಲ್ಲಿ, ಅಡಿಕೆ ತೆಂಗಿನ ತೋಟಗಳಾಚೆಯ ಬಯಲಿನಲ್ಲಿ ಕುರಿ ಬಿಟ್ಟುಕೊಂಡಿದ್ದ ಹಿರಿಯರೊಬ್ಬರ ಮುಂದಿಟ್ಟೆ.

“ಹೊಸ ಕಂಬ್ಳಿ ಹಂಗೇ ಸ್ವಾಮಿ, ಮೊದಲ್ನೇ ವರ್ಸ ಚುಚ್ಚತೈತೆ. ಹುಣಸೆಬೀಜದ ಗಂಜಿ ಬಿಡೋತಂಕ ಹೊದ್ದೊಂಡು ತಿರುಗಬೇಕು. ಆಮೇಕೆ ಮೈಗೆ ಒಗ್ಗತೈತೆ” ಎಂದರು.

“ಮಳೆಗೆ ತಡೀತದಾ ತಾತ?” ಎಂದೆ.

“ಸೋನೆ ಮಳೆಗೆ ತಡೀತೈತೆ. ಜೋರು ಮಳೆ ಬಂದ್ರೆ ಯಾವುದು ತಡೀತೈತೆ ಹೇಳಿ! ನೆಂದ್ರೂ ಒಳಗೆ ಬೆಚ್ಚಗಿರತೈತೆ, ಅದಕ್ಕೇ ಮರಿಗಳ್ನ ಇದರಾಗೇ ಸುತ್ಕೊಂಡು ಬರ್ತೀವಿ.”

ಆಗತಾನೆ ಹುಟ್ಟಿದ ಮರಿಯನ್ನು ಸುತ್ತಿ ತರುವುದಕ್ಕೆ, ನೆಲದ ತಣ್ಪಿಗೆ ಹಾಸುವುದಕ್ಕೆ, ಇರುಳಿನ ಕಾವಲಿಗೆ ಹೊದೆಯುವುದಕ್ಕೆ ಒಂದೇ ವಸ್ತ್ರವನ್ನು ಬಳಸಿ, ಅದರ ಗುಣವನ್ನೂ ಮಿತಿಯನ್ನೂ ಇಷ್ಟು ನಿಷ್ಕೃಷ್ಟವಾಗಿ ಹೇಳಬಲ್ಲವರ ಮಾತಿಗೆ ಯಾವ ಜಾಹೀರಾತಿನ ಮಾತೂ ಸಾಟಿಯಾಗದು.

ಹಳೆಯ ವಸ್ತ್ರವನ್ನು ಹೊಸ ಕಣ್ಣಿನಿಂದ ಪರೀಕ್ಷಿಸುವ ಕಾರ್ಯ ಎವರೆಸ್ಟಿನ ಮೇಲೂ ನಡೆದಿದೆ. 1924ರಲ್ಲಿ ಅಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ಶರೀರ 1999ರಲ್ಲಿ 8,000 ಮೀಟರಿಗೂ ಮೇಲೆ ದೊರೆತಾಗ, ಅವನ ಮೈಮೇಲಿದ್ದ ರೇಷ್ಮೆ, ಹತ್ತಿ, ಉಣ್ಣೆಗಳ ಪದರಗಳ ಚೂರುಗಳನ್ನು ವಿದ್ವಾಂಸರು ಅಭ್ಯಸಿಸಿ ಅದೇ ಬಗೆಯ ಉಡುಪನ್ನು ನೇಯಿಸಿ ಹೊಲಿಸಿದರು. 2006ರಲ್ಲಿ ಗ್ರಹಾಂ ಹಾಯ್ಲೆಂಡ್ ಎಂಬ ಆರೋಹಿ ಅದನ್ನು ಎವರೆಸ್ಟಿನಲ್ಲಿ ತೊಟ್ಟು ನೋಡಿ, ಹಗುರವಾಗಿಯೂ ಹಿತವಾಗಿಯೂ ಇತ್ತೆಂದು ಹೇಳಿದನು. ಹಿಂದಿನವರು ಅಸಮರ್ಪಕವಾದ ಬಟ್ಟೆಯಲ್ಲಿ ಹೋದರೆಂಬ ಬಹುಕಾಲದ ಅಭಿಪ್ರಾಯ ಅದರಿಂದ ಬಹುಮಟ್ಟಿಗೆ ತಿದ್ದುಪಡಿಯಾಯಿತು.

ನಮ್ಮ ಗುಡ್ಡಗಳು ಹೇಳಲಾರದ ಸಂಗತಿಗಳೂ ಇವೆ. ಶೂನ್ಯಕ್ಕಿಂತ ಕೆಳಗಿನ ಶೀತವಾಗಲಿ, ಹಿಮದಲ್ಲಿ ಬೂಟಿನ ಹಿಡಿತವಾಗಲಿ, ಎತ್ತರದ ವಿರಳವಾದ ಗಾಳಿಯಲ್ಲಿ ದೇಹದ ವರ್ತನೆಯಾಗಲಿ ಇಲ್ಲಿ ತಿಳಿಯದು. ಹಿಮಾಲಯದ ರಾತ್ರಿಗೆ ಇಲ್ಲಿಗಿಂತ ಹೆಚ್ಚಿನ ಪದರ ಬೇಕೇ ಬೇಕು. ಆದರೆ ಬೂಟು ಎಲ್ಲಿ ಕಚ್ಚುವುದು, ಚೀಲ ಎಲ್ಲಿ ಉಜ್ಜುವುದು, ಯಾವ ಹೊಲಿಗೆ ಬಿಡುವುದು, ಯಾವ ಪದರವನ್ನು ಯಾವ ಹೊತ್ತಿಗೆ ತೆಗೆದು ಯಾವ ಹೊತ್ತಿಗೆ ಹಾಕಬೇಕು ಎಂಬ ಇಷ್ಟನ್ನೂ ಇಲ್ಲಿಯೇ ಕಲಿಯಬಹುದು. ಇಳಿದು ಬಂದ ಸಂಜೆಯೇ, ನೆನಪು ಹಸಿಯಾಗಿರುವಾಗ, ಎಲ್ಲವನ್ನೂ ಬರೆದಿಟ್ಟು, ಬೇಡವಾದುದನ್ನು ಅಂಗಡಿಗೆ ಹಿಂದಿರುಗಿಸುವುದು ವಿವೇಕ.

ಈ ಪರೀಕ್ಷೆಗಳ ಫಲಿತಾಂಶವಾಗಿ ನಾನು ಹೇಳುವುದಿಷ್ಟು: ಏರುವುದಕ್ಕೆ ತೆಳ್ಳನೆಯ ಉಣ್ಣೆಯ ಒಳಅಂಗಿ ಮತ್ತು ಫ್ಲೀಸು, ನೆತ್ತಿಯ ಗಾಳಿಗೆ ಹಗುರವಾದ ಹೊರಜಾಕೆಟ್ಟು, ಕುಳಿತು ವಿಶ್ರಮಿಸುವುದಕ್ಕೂ ಇರುಳಿಗೂ ಕಂಬಳಿ. ನಮ್ಮ ದಕ್ಷಿಣದ ಬೆಟ್ಟಗಳಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆದರೆ ಈ ನಾಲ್ಕರಲ್ಲಿ ಮೂರು ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತಿರಲು, ನಾಲ್ಕನೆಯದು ನಮ್ಮ ಕಣ್ಣೆದುರಿಗೇ ಕ್ಷೀಣಿಸುತ್ತಿದೆ. ಮಾಂಸಕ್ಕೆ ಬೆಲೆ ಏರಿದಂತೆ ತುಪ್ಪಟವಿಲ್ಲದ ನೆಲ್ಲೂರು ತಳಿ ಕರಿಕುರಿಯ ಸ್ಥಾನವನ್ನು ಆಕ್ರಮಿಸಿದೆ. ಗಿರಣಿಯ ಅಗ್ಗದ ಹೊದಿಕೆಯೊಡನೆ ಸೆಣಸಲಾರದೆ ಎಷ್ಟೋ ಗುಣಿಮಗ್ಗಗಳು ಮುಚ್ಚಿವೆ. ಕತ್ತರಿಸಿದ ತುಪ್ಪಟಕ್ಕೆ ಕತ್ತರಿಸಿದ ಕೂಲಿಯೂ ಹುಟ್ಟದೆ ಅದನ್ನು ಎಸೆದುಬಿಡುವ ಕಡೆಗಳೂ ಉಂಟು. ದೂರದೇಶದ ಜಾಕೆಟ್ಟಿಗೆ ಸಾವಿರಗಟ್ಟಲೆ ತೆರುವ ನಾವು ಕಂಬಳಿಯ ಮುಂದೆ ನಿಂತಾಗ ಮಾತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ನ್ಯಾಯವಲ್ಲ. ಮುಂದಿನ ಚಳಿಗಾಲಕ್ಕೆ ಉಡುಪು ಕೊಳ್ಳಹೊರಡುವವರು ಒಮ್ಮೆ ಕಂಬಳಿಯ ಸಂತೆಗೂ ಹೋಗಿ, ಕೈಯಿಂದ ನೂತ ನೂಲೋ ಎಂದು ಕೇಳಿ, ಅಂಚಿನ ಬಿಗಿಯನ್ನು ಎಳೆದು ನೋಡಿ, ನೇಯ್ದವರ ಕೈಗೇ ಅವರು ಹೇಳಿದ ಬೆಲೆಯನ್ನು ಕೊಟ್ಟು ತರಲಿ. ತಂದುದನ್ನು ಬೆಟ್ಟಕ್ಕೆ ಒಯ್ದು ಪರೀಕ್ಷಿಸಲಿ. ಕಂಬಳಿ ಆ ಪರೀಕ್ಷೆಯಲ್ಲಿ ಗೆಲ್ಲುವುದೆಂಬ ಭರವಸೆ ನನಗಿದೆ.